ಅರ್ಧ ಬೆರಳು ಕೆಳಗೆ

ಬಾಗಿಲು ಮುಚ್ಚಿತ್ತು. ಸಂಗೀತ ಶಾಲೆಯ ವರಾಂಡದಲ್ಲಿ ಕಿಟಕಿಗಳು ತಲೆಗಿಂತ ಎತ್ತರದಲ್ಲಿದ್ದವು. ಗೋಡೆ ಬಿಟ್ಟು ನೋಡಲು ಬೇರೇನೂ ಇರಲಿಲ್ಲ. ಮಗಳ ಗಿಟಾರನ್ನು ಚೀಲದ ಸಮೇತ ತಬ್ಬಿಕೊಂಡು ನಾನು ಕೂತಿದ್ದೆ. ಒಳಗೆ ಅವಳು ಶಾಲೆಯ ಗಿಟಾರ್ ನುಡಿಸುತ್ತಿದ್ದಳು.

ಪ್ರವೇಶಕ್ಕೆ ಬಂದವರೆಲ್ಲ ಅದೊಂದನ್ನೇ ನುಡಿಸಬೇಕು. ಒಬ್ಬರದು ದುಬಾರಿ, ಒಬ್ಬರದು ಹಳೆಯದು ಎಂದು ಅಂಕ ಹೆಚ್ಚುಕಡಿಮೆ ಆಗಬಾರದು ಎಂಬ ನಿಯಮ. ಅರ್ಜಿಯಲ್ಲಿ ಅದನ್ನು ಓದಿದಾಗ ಖುಷಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ. ನಮ್ಮಂಥವರಿಗಾಗಿಯೇ ಯಾರೋ ಪುಣ್ಯಾತ್ಮರು ಬರೆದಿದ್ದಾರೆ ಅಂದುಕೊಂಡೆ.

ಅವಳ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. "ಕೈ ಇದ್ರೆ ಸಾಕಮ್ಮ, ವಾದ್ಯದ್ದೇನಿದೆ? ಬಾಗಿಲಿಗೆ ತಂತಿ ಕಟ್ಟಿಕೊಟ್ರೂ ನುಡಿಸ್ತಾಳೆ ಇವಳು." ಪಾರ್ಶ್ವವಾಯು ಹೊಡೆದು ಅವರ ಎಡಗೈ ಬಿದ್ದುಹೋಗಿತ್ತು, ತಮ್ಮ ಗಿಟಾರನ್ನು ಆಗಲೇ ಮಾರಿದ್ದರು. ಪಾಠವೆಲ್ಲ ಬಾಯಲ್ಲೇ, ಅವಳು ನುಡಿಸುವಾಗ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆರು ವರ್ಷದಲ್ಲಿ ಒಂದು ದಿನವೂ ಅವಳ ಗಿಟಾರ್ ಅವರ ಕೈಗೆ ಹೋಗಲಿಲ್ಲ. ವಾದ್ಯದ್ದೇನಿಲ್ಲ ಎಂಬ ಆ ಮಾತು ನನಗೂ ಬೇಕಾಗಿತ್ತು.

ಅದು ನನ್ನ ತಮ್ಮ ಬಿಟ್ಟುಹೋದ ಗಿಟಾರ್. ಮಗಳಿಗೆ ಹತ್ತು ವರ್ಷವಿದ್ದಾಗ ಅದರ ಬ್ರಿಜ್, ಅಂದರೆ ತಂತಿಗಳನ್ನು ಬುಡದಲ್ಲಿ ಹಿಡಿದಿಡುವ ಮರದ ಪಟ್ಟಿ, ಕಿತ್ತು ಬಂತು. ಅಳುತ್ತ ನಿಂತವಳಿಗೆ, "ಅಂಟಿಸೋದನ್ನ ನಿಮ್ಮಮ್ಮನಿಗೆ ಹೇಳ್ಕೊಡ್ಬೇಕಾ?" ಅಂದೆ. ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುವುದೇ ನನ್ನ ಕೆಲಸ. ಅಲ್ಲಿ ಮಾಡುವಂತೆಯೇ ಮೊದಲು ಉಪ್ಪುಕಾಗದದಲ್ಲಿ ಚೆನ್ನಾಗಿ ತಿಕ್ಕಿ ಜಾಗವನ್ನು ಒರಟು ಮಾಡಿದೆ. ಬ್ರಿಜ್ ಮೊದಲಿದ್ದ ಗುರುತು ಅದರಲ್ಲೇ ಅಳಿಸಿಹೋಯಿತು. ಕಣ್ಣಳತೆಯಲ್ಲಿ ಇಟ್ಟು, ಕಾರ್ಖಾನೆಯ ಅಂಟು ಹಾಕಿ, ಮೇಲೆ ಹಿಟ್ಟಿನ ಡಬ್ಬ ಹೇರಿದೆ. ಕಲ್ಲಿನಂತೆ ಕೂತಿತು. ಅಂದಿನಿಂದ ಮಗಳು ಅದರಲ್ಲೇ ನುಡಿಸಿದಳು, ದಿನಕ್ಕೆ ಮೂರು ಗಂಟೆ.

ಒಳಗಿಂದ ಅವಳ ಪಾಠ ಕೇಳಿಸಿತು. ನನಗೆ ಸಂಗೀತ ಬರುವುದಿಲ್ಲ. ಆದರೆ ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ ಅದನ್ನು ಸಾವಿರ ಸಲ ಕೇಳಿದ್ದೇನೆ. ಮೊದಲು ಚೆನ್ನಾಗಿಯೇ ಇತ್ತು. ಕೈ ಗಿಟಾರಿನ ಕೊರಳಿನ ಮೇಲೆ ಹತ್ತುತ್ತ ಹೋದಂತೆ ಸ್ವರ ಹುಳಿಯಾಯಿತು. ನಿಲ್ಲಿಸಿದಳು. ಮತ್ತೆ ಹಿಡಿದಳು. ಮತ್ತೆ ಅಲ್ಲೇ ಕೆಟ್ಟಿತು. ಎದ್ದು ಬಾಗಿಲ ತನಕ ಹೋದೆ. ತಳ್ಳುವ ಹಾಗಿರಲಿಲ್ಲ, ಬಂದು ಕೂತೆ.

ಹೊರಗೆ ಬಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಆ ಗಿಟಾರ್ ಸರಿ ಇಲ್ಲಮ್ಮ."

"ಹೇಳ್ಬೇಕಿತ್ತು ಅವರಿಗೆ."

"ಹೇಳ್ದೆ. ನಕ್ಕರು."

ಅಷ್ಟರಲ್ಲಿ ಮುಂದಿನ ಹುಡುಗಿ ಒಳಗೆ ಹೋಗಿ ಅದೇ ಗಿಟಾರ್ ನುಡಿಸತೊಡಗಿದಳು. ಕೈ ಅಷ್ಟಕ್ಕಷ್ಟೆ, ಎರಡು ಕಡೆ ತಪ್ಪಿದಳು. ಆದರೂ ಒಂದೊಂದು ಸ್ವರವೂ ನೀರಿನ ಹಾಗೆ ತಿಳಿಯಾಗಿತ್ತು. ಮಗಳು ಕೇಳಿಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ.

ಪರೀಕ್ಷೆ ಮಾಡುತ್ತಿದ್ದ ಮೇಡಂ ಸ್ವಲ್ಪ ಹೊತ್ತಿಗೆ ತಾವೇ ಹೊರಗೆ ಬಂದರು. "ಮನೇಲಿ ನುಡಿಸೋದು ಇದನ್ನೇನಾ? ಕೊಡಿ ನೋಡೋಣ." ಚೀಲದಿಂದ ತೆಗೆದು ಎರಡು ಸ್ವರ ಮೀಟಿ, ಹುಬ್ಬು ಗಂಟಿಕ್ಕಿದರು. ಒಂದು ಉದ್ದನೆಯ ದಾರ ತರಿಸಿ, ಕೊರಳಿನ ತುದಿಯಿಂದ, ತಂತಿಯ ಸರಿ ನಡುವಿಗೆ ಬರಬೇಕಾದ ಲೋಹದ ಪಟ್ಟಿಯವರೆಗೆ ಅಳೆದರು. ಅದೇ ಅಳತೆಯನ್ನು ಅಲ್ಲಿಂದ ಬ್ರಿಜ್ ಕಡೆಗೆ ಹಿಡಿದರು. ದಾರ ಸಾಲಲಿಲ್ಲ.

"ಎರಡೂ ಸಮ ಬರ್ಬೇಕು. ಇದು ಅರ್ಧ ಬೆರಳು ಕೆಳಗಿದೆ. ಮೇಲೆ ಮೇಲೆ ಒತ್ತಿದ ಸ್ವರ ಎಲ್ಲಾ ಇಳಿದೇ ಬರತ್ತೆ. ಯಾರು ಅಂಟಿಸಿದ್ದು?"

"ನಾನೇ," ಅಂದೆ.

ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮಗಳ ಎಡಗೈಯನ್ನು ಹಿಡಿದು, ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದರು. "ಇಳಿದ ಸ್ವರಾನ ಪ್ರತಿ ಸಲ ತಂತಿ ಎಳೆದು ಮೇಲಕ್ಕೆ ತಂದಿದೀಯ. ಯಾರೂ ಹೇಳ್ಕೊಡದೆ. ಇಂಥ ಕಿವಿ ನಾನು ನೋಡಿಲ್ಲ. ಆದ್ರೆ ನೆಟ್ಟಗಿರೋ ಗಿಟಾರ್ ಸಿಕ್ಕಿದ್ರೂ ಬೆರಳು ಎಳೀತಾನೇ ಇದೆ, ಸ್ವರ ಮೇಲಕ್ಕೆ ಹೋಗ್ತಿದೆ. ನಿಂಗೆ ಗೊತ್ತೇ ಆಗ್ತಿಲ್ಲ."

"ಒಂದು ಸೀಟು ಉಳಿದಿದೆ," ಎಂದು ಒಳಗೆ ಹೋಗುವ ಮುನ್ನ ಹೇಳಿದರು. "ಮೂರು ವಾರ ಬಿಟ್ಟು ಇನ್ನೊಂದು ಸುತ್ತು. ಬೆರಳಿಗೆ ಆ ಅಭ್ಯಾಸ ಬಿಡಿಸ್ಕೊಂಡು ಬಾ."

ದಾರಿಯಲ್ಲೇ ರಿಪೇರಿ ಅಂಗಡಿಗೆ ಹೋದೆವು. ರಿಪೇರಿಯವನು ಬ್ರಿಜ್ ಸಂದಿಗೆ ತೆಳ್ಳನೆಯ ಚಾಕು ಹಾಕಲು ನೋಡಿ, ಸೋತು, ಚಾಕುವನ್ನು ಒರೆಸಿ ಕೆಳಗಿಟ್ಟ. "ಮರಕ್ಕೆ ಹಾಕೋ ಅಂಟಲ್ಲ ಇದು, ಅಕ್ಕ. ಇದನ್ನ ಕಿತ್ರೆ ಹೊಟ್ಟೆಯ ಹಲಗೇನೂ ಜೊತೆಗೇ ಬರತ್ತೆ. ಯಾವ ಮಹಾನುಭಾವ ಹಾಕಿದ್ದು?"

"ಮಹಾನುಭಾವಳು," ಅಂದಳು ಮಗಳು. ಆ ದಿನ ಅವಳು ಆಡಿದ ತಮಾಷೆ ಅದೊಂದೇ. ನನಗೆ ನಗು ಬರಲಿಲ್ಲ.

ಹೊಸ ಗಿಟಾರಿನ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜೊತೆಯಲ್ಲಿ ಪಾಠಕ್ಕೆ ಬರುವ ಇಬ್ಬರನ್ನು ಗಿಟಾರ್ ಎರವಲು ಕೇಳಿ ಬಂದಳು. ಅವರಿಗೂ ಅದೇ ಸುತ್ತಿನ ಪರೀಕ್ಷೆ; ಯಾರು ಕೊಟ್ಟಾರು? ಮೇಷ್ಟ್ರ ಹತ್ತಿರ ಹೋದಾಗ ಅವರು, "ನಾನು ಕಿವಿಯಲ್ಲಿ ಮಾತ್ರ ನೋಡ್ದೆ ಮಗಳೇ," ಎಂದರಂತೆ.

ನಮ್ಮದು ಒಂದೇ ಕೋಣೆ. ಒಲೆ, ಮಂಚ, ಅವಳ ಮುಕ್ಕಾಲಿ, ಎಲ್ಲ ಕೈಗೆಟಕುವಷ್ಟು ದೂರದಲ್ಲಿ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಮರುದಿನ ಬೆಳಿಗ್ಗೆ ಅವಳು ಮುಕ್ಕಾಲಿಯ ಮೇಲೆ ಕೂತು, ಬೆರಳನ್ನು ತಂತಿಯ ಮೇಲೆ ನೆಟ್ಟಗೆ ಒತ್ತಿದಳು. ಎಳೆಯಲಿಲ್ಲ. ಸ್ವರ ಇಳಿದು ಬಂತು. ಮುಖ ಕಿವುಚಿದಳು. ಎರಡನೇ ಸಲಕ್ಕೆ ಬೆರಳು ತಾನಾಗಿಯೇ ಜಾರಿ ತಂತಿಯನ್ನು ಎಳೆದುಬಿಟ್ಟಿತು, ಸ್ವರ ಸರಿಯಾಯಿತು. ಅವಳು ಬಲಗೈಯಿಂದ ಎಡಗೈ ಮೇಲೆ ಪಟ್ಟನೆ ಹೊಡೆದುಕೊಂಡಳು.

"ಹೊಡ್ಕೋಬೇಡ ಕಂದ."

"ಕಿವಿ ಬಿಡಲ್ಲಮ್ಮ. ತಪ್ಪು ಕೇಳಿಸಿದ ತಕ್ಷಣ ಬೆರಳು ಓಡತ್ತೆ."

"ಈಗ ಏನ್ ಮಾಡ್ತೀಯ?"

"ತಪ್ಪಾಗೇ ನುಡಿಸ್ಬೇಕು. ಇದ್ರಲ್ಲಿ ತಪ್ಪಾಗಿ ಬಂದ್ರೇನೇ ಶಾಲೆ ಗಿಟಾರಲ್ಲಿ ಸರಿ ಬರೋದು."

ಔಷಧಿ ಡಬ್ಬದಿಂದ ಹತ್ತಿ ತೆಗೆದು ಎರಡು ಉಂಡೆ ಮಾಡಿ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡಳು. ಮೇಲೆ ನನ್ನ ಹಳೆಯ ಸ್ಕಾರ್ಫ್ ಬಿಗಿದು ಕಟ್ಟಿದಳು. ಆಮೇಲೆ ಬೆರಳನ್ನೇ ನೋಡುತ್ತ, ಒಂದೊಂದಾಗಿ, ನೆಟ್ಟಗೆ ಒತ್ತುತ್ತ ಹೋದಳು.

ಸಾವಿರ ಸಲ ಕೇಳಿದ ಆ ಪಾಠ, ಒಂದು ಸ್ವರವೂ ಬಿಡದೆ, ಹುಳಿಯಾಗಿ ಕೋಣೆಯನ್ನು ತುಂಬಿತು. ಕಾರ್ಖಾನೆಗೆ ಹೊರಡಲು ಇನ್ನೂ ಒಂದು ಗಂಟೆಯಿತ್ತು. ಹಿಟ್ಟು ಕಲಸುತ್ತ ಗೋಡೆಗೆ ಮುಖ ಮಾಡಿ ನಿಂತೆ.

"ಸಾಕು ಮಾಡು ಪುಟ್ಟಾ," ಅಂದೆ ಒಮ್ಮೆ.

ಅವಳಿಗೆ ಕೇಳಿಸಲಿಲ್ಲ.