ಎದೆಯಿಂದ ಒಂದು ಗೇಣು ದೂರ

ಇಳಕಲ್ಲಿನ ಆ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಚಹಾಕ್ಕೆ ಎದ್ದಿರಬೇಕು, ಎಳೆ ಹರಿದಿರಬೇಕು ಅಂದುಕೊಳ್ಳುತ್ತಾರೆ. ಮುತ್ತವ್ವನಿಗೆ ಮಾತ್ರ ಹಾಗಲ್ಲ. ಗಂಡ ಬಾಬಣ್ಣನ ಮಗ್ಗ ನಿಂತಿತೆಂದರೆ ರೊಟ್ಟಿ ಬಡಿಯುವ ಆಕೆಯ ಕೈಯೂ ನಿಲ್ಲುತ್ತದೆ.

"ಏನ್ರಿ, ಅದೀರಿಲ್ಲೋ?"

"ಅದೇನಿ ಬಿಡ. ಇನ್ನೂ ಹೋಗಿಲ್ಲ," ಎಂದು ಒಳಗಿನಿಂದ ಬಾಬಣ್ಣ ಅನ್ನುತ್ತಾನೆ.

ಅವನಿಗೆ ಅದು ನಗೆಚಾಟಿಕೆ. ಆಕೆ ಒಳಗೆ ಬಂದು ಅವನ ಮುಖ ನೋಡಿಯೇ ಒಲೆಯ ಮುಂದೆ ಮರಳುತ್ತಾಳೆ.

ಮೂರು ತಿಂಗಳ ಹಿಂದೆ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಬಾಬಣ್ಣನ ಎಡ ಎದೆಯ ಮೇಲ್ಭಾಗದಲ್ಲಿ, ಚರ್ಮದ ಒಳಗೆ, ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ಇಟ್ಟಿದ್ದರು. ಪೇಸ್‌ಮೇಕರ್ ಅಂತ ಅದರ ಹೆಸರು. ಎದೆ ಬಡಿಯುವುದನ್ನು ಮರೆತರೆ ಅದು ನೆನಪು ಮಾಡಿಕೊಡುತ್ತದೆ. ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಶುರುವಾಯಿತು. ಸೀರೆ ನೇಯುತ್ತ ಕುಳಿತವನಿಗೆ ಇದ್ದಕ್ಕಿದ್ದಂತೆ ತಲೆ ತಿರುಗುವುದು, ಎದೆ ದಡಬಡ ಓಡುವುದು, ಹಣೆಯ ಮೇಲೆ ತಣ್ಣಗೆ ಬೆವರು.

ಅದೇ ವಾರ ಎದುರು ಮನೆಯ ಆನಂದನ ಮಾಳಿಗೆಯ ಮೇಲೆ ಮೊಬೈಲ್ ಟಾವರ್ ನಿಂತಿತ್ತು. ಇನ್ನೇನು ಬೇಕು? ಓಣಿಯವರಿಗೆಲ್ಲ ಕಾರಣ ಸಿಕ್ಕಿತು. ಟಾವರ್ ಎದೆ ನಿಲ್ಲಿಸುತ್ತದೆ, ಹಕ್ಕಿ ಸಾಯಿಸುತ್ತದೆ ಅಂತ ಯಾರೋ ಎಲ್ಲಿಯೋ ಕುಳಿತು ಮಾಡಿದ ವಿಡಿಯೋ ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡಿತು. ಅದನ್ನು ಮಾಡಿದವನು ಯಾರು, ಏನು ಓದಿದವನು ಅಂತ ಒಬ್ಬರೂ ಕೇಳಲಿಲ್ಲ. ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುವ ಮಗ ರಾಜೇಶ ದಿನಕ್ಕೆ ಹತ್ತು ಸಲ ಆ ಮಾಳಿಗೆ ನೋಡಿ ಹಲ್ಲು ಕಡಿಯುತ್ತಿದ್ದ.

ಸೋಮವಾರ ಮುಂಜಾನೆ ಮಗ್ಗ ಮತ್ತೆ ನಿಂತಿತು. ಮುತ್ತವ್ವ ಕೂಗಿದಳು. ಉತ್ತರ ಬರಲಿಲ್ಲ.

ಓಡಿ ಹೋಗಿ ನೋಡಿದರೆ ಬಾಬಣ್ಣ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟವನು ಹಾಗೆಯೇ ಮುಂದಕ್ಕೆ ವಾಲಿ, ನೇದ ಸೀರೆಯ ಮೇಲೆ ಮುಖ ಹಾಕಿದ್ದ. ಲಾಳಿ ನೆಲದ ಮೇಲೆ ಬಿದ್ದಿತ್ತು. ತಾಯಿ ಮಗ ಇಬ್ಬರೂ ಸೇರಿ ಎತ್ತಿ, ಗೋಡೆಗೆ ಒರಗಿಸಿ, ಮುಖಕ್ಕೆ ನೀರು ಹಾಕಿದರು. ಒಂದು ಗಳಿಗೆಗೆ ಕಣ್ಣು ಬಿಟ್ಟ.

"ಏನಾತ್ರಿ?"

"ಏನೂ ಇಲ್ಲ. ಕತ್ತಲಿ ಬಂತು, ಹೋತು."

ರಾಜೇಶ ಎದ್ದು ನಿಂತ. "ಯವ್ವಾ, ಇನ್ನ ನಾ ತಡಿಯಂಗಿಲ್ಲ. ನಾಳಿ ಮುಂಜಾನೆ ಓಣಿ ಹುಡುಗರು ಎಲ್ಲಾರೂ ಆ ಮಾಳಿಗಿ ಹತ್ತತೇವಿ. ವೈರ್ ಕತ್ತರಿಸಿ ಒಗಿತೇವಿ. ಆನಂದ ಬಾಡಿಗಿ ತಿನ್ನಾಕ ನಮ್ಮಪ್ಪ ಸಾಯಬೇಕೇನು?"

ಮುತ್ತವ್ವ ಬೇಡ ಅನ್ನಲಿಲ್ಲ. ಪೊಲೀಸರು ಮಗನನ್ನು ಎಳೆದುಕೊಂಡು ಹೋದಾರು ಅಂತ ಒಂದು ಭಯ. ಗಂಡ ನಾಳೆಯ ತನಕ ಉಳಿದಾನೋ ಇಲ್ಲವೋ ಅಂತ ಇನ್ನೊಂದು.

ಆ ಹೊತ್ತಿಗೆ ಆಶಾ ಕಾರ್ಯಕರ್ತೆ ಸುಗರಾ ಬಂದಳು. ಪಕ್ಕದ ಮನೆಯ ಕೂಸಿಗೆ ಲಸಿಕೆಯ ದಿನ ಹೇಳಲು ಬಂದವಳು, ಗದ್ದಲ ಕೇಳಿ ಒಳಗೆ ಕಾಲಿಟ್ಟಳು. ಎಲ್ಲ ಕೇಳಿಕೊಂಡು ಬಾಬಣ್ಣನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು.

"ಕಾಕಾ, ನಿಮಗ ಹಿಂಗ ಆಗೂದು ಯಾವಾಗ್ರಿ? ಮಲಗಿದಾಗ? ಉಣ್ಣೂ ಮುಂದ?"

ಬಾಬಣ್ಣ ಯೋಚಿಸಿದ. "ಇಲ್ಲವ್ವಾ. ಮಗ್ಗದ ಮ್ಯಾಲ ಕುಂತಾಗ ಅಷ್ಟ."

"ರಾತ್ರಿ?"

"ರಾತ್ರಿ ಗೊರಕಿ ಹೊಡಿತಾರ," ಎಂದಳು ಮುತ್ತವ್ವ. "ಓಣಿಗೆಲ್ಲ ಕೇಳತೈತಿ."

"ಟಾವರ್ ರಾತ್ರಿ ಬಂದ್ ಮಾಡ್ತಾರೇನು ರಾಜೇಶ?"

ರಾಜೇಶ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಮಗ್ಗದ ಮ್ಯಾಲ ಕುಂತಾಗ ಫೋನ್ ಎಲ್ಲಿ ಇಟ್ಟಿರತೀರಿ ಕಾಕಾ?"

ಬಾಬಣ್ಣನಿಗೆ ಸ್ವಲ್ಪ ಹುರುಪು ಬಂತು. "ಕಿಸೆದಾಗ ಇಟ್ರ ಕುಣ್ಯಾಗ ಬೀಳತೈತಿ. ಹಂಗ ಎರಡು ಫೋನ್ ಒಡದು ಹೋದವು. ಅದಕ್ಕ ನಿಮ್ಮ ಕಾಕಿ ಒಂದು ಉಪಾಯ ಮಾಡ್ಯಾಳ ನೋಡು." ಅಂಗಿಯ ಗುಂಡಿ ಬಿಚ್ಚಿದ. ಒಳಗಿನ ಬನಿಯನ್ನಿನ ಎಡಗಡೆ, ಸೀರೆ ಅಂಚಿನ ತುಂಡಿನಿಂದ ಹೊಲಿದ ಬಿಗಿಯಾದ ಕಿಸೆ. ಅದರೊಳಗೆ ಮಗ ಹೋದ ತಿಂಗಳು ತಂದುಕೊಟ್ಟ ಹೊಸ ಫೋನು, ಚಟ್ಟನೆ ಮುಚ್ಚಿಕೊಳ್ಳುವ ಮುಚ್ಚಳದ ಕವರು. ಸರಿಯಾಗಿ ಆಪರೇಶನ್ ಗಾಯದ ಗುರುತಿನ ಮೇಲೆ.

ಸುಗರಾಳ ಮುಖ ಬದಲಾಯಿತು. "ಅದನ್ನ ಮೊದಲ ತಗೀರಿ. ಈಗ. ದೂರ ಇಡ್ರಿ."

ಮುತ್ತವ್ವನೇ ಕೈ ಹಾಕಿ ತೆಗೆದಳು. ಫೋನು ಬೆಚ್ಚಗಿತ್ತು.

"ಅಂಗೈ ಅಗಲ ಡಬ್ಬಿ ಐತಿ," ಎಂದ ಬಾಬಣ್ಣ. "ಇದೇನ ಮಾಡತೈತಿ? ನೂಲು ಕೊಡೂ ಸಾವಕಾರ ತಾಸಿಗೊಮ್ಮೆ ಫೋನ್ ಮಾಡಿ ಆ ಬಣ್ಣ ಹಾಕು, ಈ ಬಣ್ಣ ಹಾಕು ಅಂತಾನ. ಎದ್ದು ಎದ್ದು ಹೋಗಲೇನು?"

ರಾಜೇಶನೂ ಸೇರಿದ. "ಸುಗರಾ ಆಪಾ, ಅಷ್ಟು ದೊಡ್ಡ ಟಾವರಿಗೆ ಏನೂ ಅನ್ನಂಗಿಲ್ಲ, ಇಷ್ಟು ಫೋನಿಗೆ ಬೈತೀಯಲ್ಲ."

"ಇಟ್ಟಂಗಿ ಭಟ್ಟಿ ದೊಡ್ಡದೋ, ನಿಮ್ಮವ್ವನ ಒಲ್ಯಾಗಿನ ಕೆಂಡ ದೊಡ್ಡದೋ?"

"ಭಟ್ಟಿ."

"ನಿಮ್ಮವ್ವನ ಕೈ ಸುಟ್ಟದ್ದು ಯಾವುದಕ್ಕ?"

ಮುತ್ತವ್ವ ತನ್ನ ಅಂಗೈ ನೋಡಿಕೊಂಡಳು.

"ಟಾವರಿನ ಅಲೆನೂ ಹಂಗ. ದೂರ ಹೋದಂಗ ಕಡಿಮಿ ಆಗತೈತಿ, ಅದರ ಗುಣಾನ ಅದು," ಎಂದಳು ಸುಗರಾ. "ಟಾವರಿಗೆ ಸರಕಾರ ಒಂದು ಮಿತಿ ಹಾಕೇತಿ. ಆ ಮಿತಿ ಒಳಗಿದ್ರ ಮಂದಿಗೆ ರೋಗ ಬರತೈತಿ ಅನ್ನಾಕ ಇಲ್ಲೀತನಕಾ ಪುರಾವೆ ಸಿಕ್ಕಿಲ್ಲಂತ ನಮಗ ತರಬೇತ್ಯಾಗ ಹೇಳ್ಯಾರ. ನಿನಗ ಸಂಶೆ ಇದ್ರ ಅಳತಿ ಮಾಡ್ರಿ ಅಂತ ದೂರಸಂಪರ್ಕ ಇಲಾಖೆಗೆ ಅರ್ಜಿ ಕೊಡು. ವೈರ್ ಕತ್ತರಿಸಿದಿ ಅಂತ ತಿಳಕೋ, ಸಿಗ್ನಲ್ ಸಣ್ಣದಾಗತೈತಿ. ಆವಾಗ ಫೋನ್ ಸುಮ್ಮನ ಕುಂದ್ರಂಗಿಲ್ಲ. ದೂರದ ಟಾವರಿಗೆ ಮುಟ್ಟಲಿ ಅಂತ ಇನ್ನೂ ಜೋರಲೇ ಕೂಗತೈತಿ. ಆ ಕೂಗು ಯಾರ ಎದಿ ಮ್ಯಾಲ?"

"ನಾ ಸ್ಟಿಕರ್ ಹಚ್ಚೇನಿ," ಎಂದ ರಾಜೇಶ. ದನಿ ಇಳಿದಿತ್ತು. "ಬಸ್‌ಸ್ಟ್ಯಾಂಡಿನ್ಯಾಗ ಮಾರತಿದ್ರು. ರೇಡಿಯೇಶನ್ ತಡೀತೈತಂತ."

ಫೋನಿನ ಬೆನ್ನಿಗೆ ಬಂಗಾರದ ಬಣ್ಣದ ಒಂದು ಚುಕ್ಕಿ ಮಿಂಚುತ್ತಿತ್ತು. ಹೆದರಿದವರ ಹೆದರಿಕೆಯನ್ನೇ ಕತ್ತರಿಸಿ, ಅಂಟು ಹಚ್ಚಿ ಮಾರುವ ಮಂದಿ ಇದ್ದಾರೆ. ಅವರಿಗೆ ಬಾಬಣ್ಣ ಬದುಕಿದರೇನು, ಸತ್ತರೇನು.

"ಇದರಿಂದ ಉಪಯೋಗ ಐತಿ ಅನ್ನಾಕ ಪುರಾವೆ ಇಲ್ಲೋ ತಮ್ಮಾ," ಎಂದಳು ಸುಗರಾ. "ಫೋನಿನ ಸಿಗ್ನಲ್ಲಿಗೆ ಅಡ್ಡ ಬಂತಂದ್ರ ಫೋನು ಇನ್ನೂ ಹೆಚ್ಚಿಗೆ ದುಡೀತೈತಿ."

"ಹಂಗಾರ ಇವರಿಗೆ ಆಗಿದ್ದು ಫೋನಿನಿಂದನ ಏನು?" ಮುತ್ತವ್ವ ಕೇಳಿದಳು.

"ಅದು ನನಗ ಗೊತ್ತಿಲ್ಲ ಕಾಕಿ. ಖರೆ ಹೇಳತೇನಿ. ಯಂತ್ರ ಇಟ್ಟ ಡಾಕ್ಟರಿಗೇ ಕೇಳಬೇಕು. ಬಿದ್ದ ಮನಶ್ಯಾನ್ನ ಮನ್ಯಾಗ ಇಟಗೊಂಡು ಕುಂದ್ರಬಾರದು. ಏಳ್ರಿ."

ಸುಗರಾಳೇ ಬಾಗಲಕೋಟೆಯ ದವಾಖಾನೆಗೆ ಫೋನ್ ಮಾಡಿ ತಿಳಿಸಿ, ಗಾಡಿ ಕರೆಸಿ, ರಾಜೇಶನನ್ನೂ ಜೊತೆಗೆ ಕಳಿಸಿದಳು. ಗಾಡಿ ಹತ್ತಿದ ಮೇಲೆ ಮುತ್ತವ್ವ ಗಂಡನ ಮಣಿಕಟ್ಟು ಬಿಡಲಿಲ್ಲ. ಬೆರಳಿಗೆ ಒಂದು ಬಡಿತ ತಾಗುತ್ತದೆ, ಇನ್ನೊಂದು ತಾಗುವವರೆಗೆ ಉಸಿರು ಹಿಡಿಯುತ್ತಾಳೆ. ಆ ಕಿಸೆ ಹೊಲಿದವಳು ತಾನೇ. ಬಿಚ್ಚಬಾರದು ಅಂತ ಎರಡೆರಡು ಹೊಲಿಗೆ ಹಾಕಿದ್ದಳು. ಹುನಗುಂದ ದಾಟಿತು.

ಬಾಗಲಕೋಟೆಯಲ್ಲಿ ಡಾಕ್ಟರು ಬಾಬಣ್ಣನನ್ನು ಮಲಗಿಸಿ ಎದೆಗೆ ವೈರು ಹಚ್ಚಿದರು. ಪರದೆಯ ಮೇಲೆ ಗೆರೆ ಓಡತೊಡಗಿತು. ಯಂತ್ರ ತಪಾಸಣೆ ಮಾಡಿ, ಅದು ಕೆಟ್ಟಿಲ್ಲ ಎಂದರು. ಆಮೇಲೆ ಆ ಫೋನ್ ಕೇಳಿದರು. ಕವರಿನ ಮುಚ್ಚಳಕ್ಕೆ ಒಂದು ಸೂಜಿ ಹಿಡಿದರು. ಸೂಜಿ ಟಕ್ಕೆಂದು ಅಂಟಿತು.

"ಇದರಾಗ ಅಯಸ್ಕಾಂತ ಅದ. ಈಗ ನೋಡ್ರಿ. ನೀವು ಹೆದರಬ್ಯಾಡ್ರಿ, ನಾ ಇಲ್ಲೇ ಅದೇನಿ." ಕವರನ್ನು ಗಾಯದ ಗುರುತಿನ ಹತ್ತಿರ ತಂದರು. ಪರದೆಯ ಗೆರೆ ತನ್ನ ನಡಿಗೆ ಬಿಟ್ಟು ಬೇರೆಯೇ ಓಟ ಹಿಡಿಯಿತು. ಬಾಬಣ್ಣನ ಹಣೆ ಬೆವರಿತು.

"ಇದ," ಎಂದ. "ಮಗ್ಗದ ಮ್ಯಾಲ ಆಗೂದು ಇದ."

ಕವರು ದೂರ ಸರಿಯಿತು. ಗೆರೆ ತನ್ನ ದಾರಿಗೆ ಬಂತು.

"ಎಲ್ಲಾ ಫೋನಿಗೂ, ಎಲ್ಲಾರಿಗೂ ಹಿಂಗ ಆಗೂದಿಲ್ಲ," ಎಂದರು ಡಾಕ್ಟರು. "ಅಯಸ್ಕಾಂತ ಹತ್ತಿರ ಬಂದ್ರ ಯಂತ್ರಕ್ಕ ಗೊಂದಲ ಆಗಬಹುದು. ಫೋನಿನ ಅಲೆಗಳಿಂದ ಆಗೂದು ಅಪರೂಪ, ಆದ್ರ ತೀರ ಹತ್ತಿರ ಇಟ್ರ ಆಗಂಗಿಲ್ಲ ಅಂತ ಹೇಳಾಕ ಬರೂದಿಲ್ಲ. ಕಡಿಮಿ ಅಂದ್ರೂ ಒಂದು ಗೇಣು ದೂರ ಇರಲಿ. ಮಾತಾಡೂ ಮುಂದ ಬಲಗಿವಿಗೆ ಹಿಡೀರಿ. ಫೋನ್ ಬಿಡಬೇಕಾಗಿಲ್ಲ. ನಾವು ಕಳಿಸೂ ಮುಂದ ಕೊಟ್ಟ ಕಾರ್ಡಿನ್ಯಾಗ ಇದನ್ನ ಬರದೇವಲ್ಲ?"

ಮುತ್ತವ್ವ ಚೀಲದಿಂದ ಕಾರ್ಡು ತೆಗೆದಳು. ಮೂರು ತಿಂಗಳು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟದ್ದು. ನುಣುಪು ಕಾಗದ, ಸಣ್ಣ ಅಕ್ಷರ, ಎಲ್ಲ ಇಂಗ್ಲಿಷು.

"ಸಾಹೇಬ್ರ," ಎಂದಳು. ಕಾರ್ಡನ್ನು ಡಾಕ್ಟರ ಕೈಗೆ ಕೊಟ್ಟಳು. "ನಾ ಕನ್ನಡ ಓದತೇನ್ರಿ. ನಾಲ್ಕನೇ ಇಯತ್ತೆ ತನಕಾ ಸಾಲಿ ಕಲತೇನಿ. ಇದ ಒಂದು ಸಾಲು ಕನ್ನಡದಾಗ ಇದ್ದಿದ್ರ ನನ್ನ ಕೈಲೆ ನಾ ಆ ಕಿಸೆ ಹೊಲಿತಿದ್ದಿಲ್ಲ."

ಡಾಕ್ಟರು ಕಾರ್ಡು ತಿರುಗಿಸಿ, ಹಿಂದಿನ ಖಾಲಿ ಬದಿಯಲ್ಲಿ ಆ ಒಂದು ಸಾಲನ್ನು ಪೆನ್ನಿನಿಂದ ದೊಡ್ಡದಾಗಿ ಕನ್ನಡದಲ್ಲಿ ಬರೆದರು. ಬರೆದು, ಆಕೆಗೇ ಕೊಟ್ಟರು. ಆಕೆ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು.

ಬಾಬಣ್ಣನನ್ನು ಒಂದು ದಿನ ಇಟ್ಟುಕೊಂಡು ಕಳಿಸಿದರು. ರಾಜೇಶ ಮಾತ್ರ ಅಂದೇ ಸಂಜೆ ಇಳಕಲ್ಲಿಗೆ ಬಂದು, ಕಬ್ಬಿಣ ಕತ್ತರಿಸುವ ಸಾಮಾನು ಹೊಂದಿಸಿಕೊಂಡು ಕುಳಿತಿದ್ದ ಹುಡುಗರ ಮುಂದೆ ನಿಂತ.

"ಹತ್ತೂದು ಬ್ಯಾಡ. ತಪ್ಪು ನಮ್ಮ ಮನ್ಯಾಗ ಇತ್ತು."

"ಯಾಕಲೇ, ಆನಂದ ಚಹಾ ಕುಡಿಸಿದನೇನು?" ಎಂದು ಒಬ್ಬ ಚುಚ್ಚಿದ.

"ನಿಮ್ಮಜ್ಜಗೂ ಎದಿಯಾಗ ಮಷೀನ್ ಐತಿ. ಮೊದಲ ಮನಿಗೆ ಹೋಗಿ ಆತನ ಕಿಸೆ ನೋಡಲೇ," ಎಂದ ರಾಜೇಶ.

ಆ ಹುಡುಗ ಓಡಿದ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಫೋನು ಹಾವಲ್ಲ, ಹೆದರಿ ಬಿಸಾಡುವುದು ಬೇಡ. ಅದರಿಂದ ಗಡ್ಡೆ, ಕ್ಯಾನ್ಸರ್ ಬರುತ್ತದೆ ಅಂತ ಸಾಬೀತಾಗಿಲ್ಲ, ಶೋಧನೆ ಇನ್ನೂ ನಡೆದಿದೆ. ಹಾಗಂತ ಮೈಗೆ ಅಂಟಿಸಿಕೊಂಡು ತಿರುಗುವುದೂ ಬೇಡ. ಉದ್ದದ ಮಾತಿದ್ದರೆ ಸ್ಪೀಕರಿಗೆ ಹಾಕಿ, ಇಲ್ಲವೆ ವೈರಿನ ಇಯರ್‌ಫೋನ್ ಹಚ್ಚಿ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಮಾತು ಮೊಟಕು ಮಾಡಿ, ಹೊರಗೆ ಬಂದು ಮಾತಾಡಿ. ಮಲಗುವಾಗ ದಿಂಬಿನ ಕೆಳಗೆ ಇಡಬೇಡಿ. ಹೊಸ ಫೋನು ಕೊಳ್ಳುವ ಮುಂಚೆ ಸ್ಟಾರ್ ಹ್ಯಾಶ್ ಸೊನ್ನೆ ಏಳು ಹ್ಯಾಶ್ ಒತ್ತಿ, ಎಸ್‌ಎಆರ್ ಅಂಕಿ (ಫೋನಿನ ಅಲೆಯನ್ನು ಮೈ ಎಷ್ಟು ಹೀರುತ್ತದೆ ಅನ್ನುವ ಅಳತೆ) 1.6ರ ಒಳಗಿದೆಯೋ ನೋಡಿ. ಭಯ ಮಾರುವವನಿಂದ ಚುಕ್ಕಿ ಕೊಳ್ಳಬೇಡಿ. ದವಾಖಾನೆಯಲ್ಲಿ ಇಂಗ್ಲಿಷಿನ ಕಾರ್ಡು ಕೊಟ್ಟರೆ ಸುಮ್ಮನೆ ಮಡಚಿಕೊಂಡು ಬರಬೇಡಿ, ಓದಿ ಹೇಳಿರಿ ಅಂತ ಅಲ್ಲೇ ನಿಲ್ಲಿ. ಅದು ನಿಮ್ಮ ಹಕ್ಕು, ನಾಚಿಕೆಯಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಎದೆಯಲ್ಲಿ ಯಂತ್ರ ಇರುವವರು ಒಬ್ಬರಾದರೂ ಇರಬಹುದು. ಅವರ ಫೋನು ಈಗ, ಈ ಗಳಿಗೆಗೆ, ಎಲ್ಲಿದೆ? ಈ ಕಾಗದ ಕೆಳಗಿಡಿ. ಎದ್ದು ಹೋಗಿ ನೋಡಿ ಬನ್ನಿ.