ಹನ್ನೊಂದನೇ ನಂಬರಿನ ಅಂಗಿ

ಸುಯ್ ಅಂದಿತು ಬಲೆ, ರಿಂಗಿನ ಕಬ್ಬಿಣಕ್ಕೆ ಚೆಂಡು ತಾಗಿದ ಸುಳಿವೇ ಇಲ್ಲ, ಬರೀ ನೂಲಿನ ಸದ್ದು, ಒಗೆದ ದುಪ್ಪಟಿಯನ್ನು ಯಾರೋ ಒಂದೇ ಸಲ ಕೊಡವಿದ ಹಾಗೆ, ಚೆಂಡು ನೆಲ ಮುಟ್ಟುವ ಮೊದಲೇ ವರ್ಲಿನ್ ಸ್ಟ್ರೌಡ್‌ನ ಎರಡೂ ಕೈ ಅದರ ಕೆಳಗಿದ್ದವು, ಹಿಡಿದ, ತಿರುಗಿದ, ಹುಡುಗನ ಎದೆಯ ಎತ್ತರಕ್ಕೆ, ಬಲಗೈಗೆ ಎರಡು ಬೆರಳು ಹತ್ತಿರವಾಗಿ ಎಸೆದ — ಮತ್ತೆ ಸುಯ್ — ಮಂಡಿ ನೋಯುತ್ತಿದೆ, ನೋಯಲಿ, ಅರವತ್ತೊಂದು ವರ್ಷದ ಮಂಡಿ ಇನ್ನೇನು ಮಾಡೀತು, ಬೆಳಿಗ್ಗೆ ಆರೂಕಾಲು, ಬ್ಯಾಸ್ಕೆಟ್‌ಬಾಲ್ ಅಂಕಣದ ಅರ್ಧ ದೀಪ ಮಾತ್ರ ಹೊತ್ತಿಸಿದೆ, ಪೂರ್ತಿ ಬೇಡ ಕೋಚ್, ಕಣ್ಣಿಗೆ ಚುಚ್ಚುತ್ತೆ ಅಂತ ಜರೆಲ್ ಟಿಬ್ಸ್ ಕಾಲೇಜಿಗೆ ಬಂದ ಮೊದಲ ವಾರವೇ ಹೇಳಿದ್ದ, ಆವತ್ತಿನಿಂದ ಅರ್ಧವೇ, ಎರಡು ವರ್ಷವಾಯಿತು, ಪರೀಕ್ಷೆಯಿರಲಿ, ಹಿಮ ಬೀಳಲಿ, ಸೋತು ಬಸ್ಸಿಳಿದ ಮರುದಿನವಿರಲಿ, ಹುಡುಗ ಎಸೆಯುತ್ತಾನೆ, ಮುದುಕ ಹೆಕ್ಕಿ ಕೊಡುತ್ತಾನೆ, ಎಷ್ಟು ಸಾವಿರ ಸಲವೋ ಯಾವನು ಎಣಿಸಿದ್ದಾನೆ. ಸಹಾಯಕ ಕೋಚ್ ಅಂತ ಬಾಗಿಲ ಮೇಲೆ ಬರೆದಿದೆ, ಕೆಲಸ ನೋಡಿದರೆ ಇದು. ಇವತ್ತು ಸಂಜೆ ಐದಕ್ಕೆ ಮುಗಿಯುತ್ತದೆ ಗಡುವು — ಪೋರ್ಟಲ್ ಅನ್ನುತ್ತಾರೆ, ಕಂಪ್ಯೂಟರಿನೊಳಗಿನ ಒಂದು ಪಟ್ಟಿ, ಅದರಲ್ಲಿ ಹೆಸರು ಹಾಕಿದ ಆಟಗಾರನನ್ನು ದೇಶದ ಯಾವ ಕಾಲೇಜು ಬೇಕಾದರೂ ಕರೆದುಕೊಂಡು ಹೋಗಬಹುದು, ಹಾಕದಿದ್ದರೆ ಮುಂದಿನ ವರ್ಷವೂ ಇಲ್ಲೇ, ಇದೇ ಇಂಡಿಯಾನಾದಲ್ಲಿ, ಇದೇ ಅರ್ಧ ದೀಪದಲ್ಲಿ — ಜರೆಲ್ ಇನ್ನೂ ಹಾಕಿಲ್ಲ, ಹಾಕುವುದಿಲ್ಲ ಅಂತಲೂ ಹೇಳಿಲ್ಲ, ನಿನ್ನೆ ಹೆಡ್ ಕೋಚ್ ಡೆಲ್ ಪ್ರೂಯಿಟ್ ಕರೆಸಿಕೊಂಡು ಕುರ್ಚಿ ಕೂಡ ತೋರಿಸದೆ, ವರ್ಲಿನ್, ನೀವು ತಂದ ಹುಡುಗ, ನೀವೇ ಉಳಿಸ್ಕೊಳ್ಳಿ, ಅವನು ಹೋದ್ಮೇಲೆ ಇಲ್ಲಿ ನಿಮಗೇನು ಕೆಲಸ ಇರುತ್ತೆ ನನಗಂತೂ ಗೊತ್ತಿಲ್ಲ ಅಂದ, ಮೂವತ್ತೆಂಟು ವರ್ಷದವನು, ಹಲ್ಲು ಬೆಳ್ಳಗೆ, ಬಹಳ ಮರ್ಯಾದೆಯಿಂದಲೇ ಹೇಳಿದ. ಸುಯ್. ಹಿಡಿ, ತಿರುಗು, ಎಸೆ.

ಮತ್ತೆ ಆ ಕೈ — ಚೆಂಡು ಬಿಟ್ಟ ಮೇಲೂ ಕೆಳಗಿಳಿಯದ ಆ ಬಲಗೈ, ಮಣಿಕಟ್ಟು ಮಡಿಸಿ ಗಾಳಿಯಲ್ಲೇ ನಿಂತಿರುತ್ತದೆ, ಎತ್ತರದ ಕಪಾಟಿನಿಂದ ಏನೋ ತೆಗೆಯಲು ಕೈಯೆತ್ತಿ ಮರೆತವನ ಹಾಗೆ, ಮೂವತ್ತನಾಲ್ಕು ವರ್ಷದಲ್ಲಿ ವರ್ಲಿನ್ ಎಷ್ಟು ಕೈ ನೋಡಿಲ್ಲ, ಇಂಥದ್ದು ಒಂದೇ, ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ, ಅಭ್ಯಾಸವಾಗಬೇಕಿತ್ತಲ್ಲ, ಆಗಲಿಲ್ಲ. ಮೊದಲು ನೋಡಿದ್ದು ನದಿ ದಂಡೆಯ ಜರೆಲ್‌ನ ಊರಲ್ಲಿ, ಜನವರಿ, ಹಿಮ, ಊರಲ್ಲಿ ಇರುವವರೇ ಎರಡು ಸಾವಿರ, ಹೈಸ್ಕೂಲಿನ ಅಂಕಣದಲ್ಲಿ ಮೂರು ಸಾವಿರ ಆಸನ, ಎಲ್ಲವೂ ತುಂಬಿದ್ದವು, ಸುತ್ತಲ ಹೊಲದವರೆಲ್ಲ ಬಂದಿದ್ದರು, ಪಾಪ್‌ಕಾರ್ನ್ ವಾಸನೆ, ಒದ್ದೆ ಬೂಟುಗಳ ವಾಸನೆ, ವರ್ಲಿನ್ ಹೋಗಿದ್ದು ಬೇರೊಬ್ಬನನ್ನು ನೋಡಲು, ಎದುರು ತಂಡದ ಒಬ್ಬ ತಾಳೆಮರ, ಆರಡಿ ಹತ್ತಂಗುಲ, ಹತ್ತು ಕಾಲೇಜಿನವರು ಅವನ ಹಿಂದೆ ಬಿದ್ದಿದ್ದರು, ಅವನ ಹೆಸರೇ ಈಗ ನೆನಪಿಲ್ಲ ನೋಡು, ನೆನಪಿರುವುದು ಬಲೆ. ಮೂಲೆಯಿಂದ ಒಬ್ಬ ಸಣಕಲ ಹುಡುಗ ಎಸೆದ, ಚೆಂಡು ಎಷ್ಟು ಸುತ್ತುತ್ತ ಎಷ್ಟು ನೇರ ಬಿತ್ತೆಂದರೆ ಬಲೆ ಕೆಳಗಿನಿಂದ ಚಿಮ್ಮಿ ಮೇಲೆ ಹಾರಿ ರಿಂಗಿನ ಮೇಲೆಯೇ ತಲೆಕೆಳಗಾಗಿ ಕೂತಿತು, ಆಟ ನಿಂತಿತು, ರೆಫರಿ ಪೊರಕೆ ತರಲು ಯಾರನ್ನೋ ಕಳಿಸಿದ, ಎಲ್ಲ ಕಡೆಯೂ ಹಾಗೇ, ಉದ್ದ ಹಿಡಿಯ ಪೊರಕೆಯಿಂದ ತಿವಿದು ಇಳಿಸುವುದು — ಅಷ್ಟರಲ್ಲಿ ಆ ಸಣಕಲನೇ ಓಡಿ ಬಂದ, ಓಡಿ ಬಂದನೋ ನಡೆದು ಬಂದನೋ, ನೆಲದಿಂದ ಎದ್ದದ್ದು ಮಾತ್ರ ಗೊತ್ತು, ಒಂದು ಬೆರಳಿನಿಂದ ಬಲೆಯನ್ನು ಮೆಲ್ಲಗೆ ಬಿಡಿಸಿ, ಇಳಿದು, ಸಾರಿ ಸರ್ ಅಂದ ರೆಫರಿಗೆ. ತಾನು ಮಾಡಿದ್ದನ್ನು ತಾನೇ ಸರಿ ಮಾಡಬೇಕು ಅನ್ನುವವನ ಹಾಗೆ. ಮೂರು ಸಾವಿರ ಜನ ಕೂಗಿದರು, ವರ್ಲಿನ್ ಕೂಗಲಿಲ್ಲ, ಕೈಯಲ್ಲಿದ್ದ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿದ್ದು ಮನೆಗೆ ಹೋದ ಮೇಲೆ ಗೊತ್ತಾಯಿತು.

ಎಡಗಡೆ ಮೂಲೆಗೆ ಹೋದ ಜರೆಲ್ ಈಗ, ಅಲ್ಲಿಂದ ಇಪ್ಪತ್ತು, ಆಮೇಲೆ ಬಲಮೂಲೆ, ಕೊನೆಗೆ ಆ ಹತ್ತು — ಸತತ ಹತ್ತು ಬಿದ್ದರೇ ಮನೆಗೆ, ಒಂಬತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ, ಇದು ಅವನ ಅಮ್ಮ ಕಲಿಸಿದ್ದು, ನೋರೀನ್, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಹೌದಲ್ಲ, ಅದಕ್ಕೇ ಇರಬೇಕು ಈ ಸದ್ದು ಕೇಳಿದಾಗೆಲ್ಲ ದುಪ್ಪಟಿ ನೆನಪಾಗುವುದು. ಹುಡುಗನನ್ನು ಕಾಲೇಜಿಗೆ ಕರೆಯಲು ಹೋದಾಗ ಅವರ ಅಡುಗೆಮನೆಯಲ್ಲಿ ಕೂರಿಸಿ ಪರ್ಸಿಮನ್ ಹಣ್ಣಿನ ಪುಡಿಂಗ್ ಕೊಟ್ಟಿದ್ದಳು, ಇನ್ನೂ ಬಿಸಿ, ತಟ್ಟೆಗೆ ಅಂಟಿಕೊಂಡಿತ್ತು, ವರ್ಲಿನ್‌ಗಿಂತ ಮೊದಲು ಬಂದಿದ್ದ ಕೋಚ್‌ಗಳೆಲ್ಲ ಟೀವಿಯಲ್ಲಿ ಬರುವ ಪಂದ್ಯ, ಬೂಟು, ಹೊಸ ಹಾಸ್ಟೆಲು ಅಂತ ಚಿತ್ರ ತೋರಿಸಿ ಹೋಗಿದ್ದರಂತೆ, ವರ್ಲಿನ್ ಬ್ಯಾಗಿನಲ್ಲೂ ಅಂಥ ಚಿತ್ರಗಳಿದ್ದವು, ತೆಗೆಯಲು ಕೈ ಹಾಕಿದ್ದ, ಅಷ್ಟರಲ್ಲಿ ಅವಳೇ ಕೇಳಿದಳು, ನೋಡಿ ಕೋಚ್, ಇವನು ಬೆಳಿಗ್ಗೆ ಒಬ್ನೇ ಆಡ್ತಾನೆ, ಶಿಫ್ಟಿಗೆ ಮುಂಚೆ ನಾನೇ ಹೋಗಿ ಚೆಂಡು ಹೆಕ್ಕಿ ಕೊಡ್ತೀನಿ, ಆರು ವರ್ಷದಿಂದ, ಅಲ್ಲಿ ಯಾರು ಕೊಡ್ತಾರೆ. ಇಷ್ಟೇ ಪ್ರಶ್ನೆ. ಇದನ್ನು ಯಾವ ತಾಯಿಯೂ ಕೇಳಿರಲಿಲ್ಲ, ಉತ್ತರ ಯಾವ ಕಾಗದದಲ್ಲೂ ಇರಲಿಲ್ಲ. ನಾನು ಕೊಡ್ತೀನಮ್ಮ ಅಂದುಬಿಟ್ಟ ವರ್ಲಿನ್. ದಿನಾ, ಅಂದಳು. ದಿನಾ, ಅಂದ. ಅವಳು ಇನ್ನೊಂದು ತುಂಡು ಪುಡಿಂಗ್ ಹಾಕಿದಳು, ಮಾತು ಮುಗಿಯಿತು, ಜರೆಲ್ ಬಾಗಿಲಿಗೆ ಒರಗಿ ನಗುತ್ತಿದ್ದ. ಆ ಮಾತನ್ನು ಉಳಿಸಿಕೊಂಡಿದ್ದಾನೆ ವರ್ಲಿನ್, ಜ್ವರ ಬಂದ ಎರಡು ದಿನ ಬಿಟ್ಟರೆ ತಪ್ಪಿಸಿಲ್ಲ, ಜೀವನದಲ್ಲಿ ಕೊಟ್ಟ ಮಾತುಗಳಲ್ಲಿ ಉಳಿಸಿಕೊಂಡದ್ದು ಇದೊಂದೇ ಇರಬೇಕು, ಇದನ್ನೂ ಎಂಟು ದಿನದ ಹಿಂದೆ —

ಬೇಡ, ಅದನ್ನು ಈಗ ನೆನೆಯುವುದು ಬೇಡ, ಹಿಡಿ, ಎಸೆ. ಆದರೆ ಅದೇ ಬರುತ್ತದೆ, ಅಂಗಿ, ಬಿಳಿ ಅಂಗಿ, ಎದೆಯ ಮೇಲೆ ಕೆಂಪು ಹನ್ನೊಂದು, ಜರೆಲ್‌ನ ನಂಬರು, ಕಪಾಟಿನಿಂದ ತೆಗೆದದ್ದು ಇದೇ ಕೈ. ಟೆಕ್ಸಾಸ್‌ನಿಂದ ಒಬ್ಬ ಆಟಗಾರ ಬಂದಿದ್ದ, ಮೂರು ವರ್ಷದಲ್ಲಿ ಮೂರು ಕಾಲೇಜು, ಇದು ನಾಲ್ಕನೆಯದಾಗಬಹುದು, ಒಳ್ಳೆಯ ಹುಡುಗ, ತಪ್ಪು ಹುಡುಕಲು ಹೋದರೆ ಅವನಲ್ಲಿ ಏನೂ ಸಿಗುವುದಿಲ್ಲ, ಜರೆಲ್ ಹೋದರೆ ಇರಲಿ ಅಂತ ಪ್ರೂಯಿಟ್ ಕರೆಸಿದ್ದ, ಈಗ ಎಲ್ಲರೂ ಮಾಡುವುದೇ ಹಾಗೆ, ಏಪ್ರಿಲ್ ಬಂದರೆ ಇರುವವನಿಗೂ ಇರು ಅನ್ನಬೇಕು, ಬರುವವನಿಗೂ ಬಾ ಅನ್ನಬೇಕು, ಇಬ್ಬರಿಗೂ ನೀನೇ ನಮ್ಮವನು ಅನ್ನಬೇಕು. ಬಂದವನಿಗೆ ಅಂಗಿ ಹಾಕಿಸಿ ಫೋಟೋ ತೆಗೆಯುವುದು ಪದ್ಧತಿ, ಅದಿಲ್ಲದೆ ಯಾವ ಹುಡುಗನೂ ಕಾಲೇಜು ನೋಡಿ ಹೋಗುವುದಿಲ್ಲ, ಯಾವ ನಂಬರು ಬೇಕಪ್ಪ ಅಂದರೆ ಹನ್ನೊಂದು ಅಂದ. ಕೊಡಿ ವರ್ಲಿನ್, ಬರೀ ಫೋಟೋ ತಾನೆ ಅಂದ ಪ್ರೂಯಿಟ್. ಬರೀ ಫೋಟೋ. ವರ್ಲಿನ್‌ಗೂ ಹಾಗೇ ಅನ್ನಿಸಿತಲ್ಲ, ಅದೇ ನಾಚಿಕೆ, ಮೂವತ್ತನಾಲ್ಕು ವರ್ಷ ಅಂಗಿ ಕೊಟ್ಟು ಕೊಟ್ಟು ಕೈಗೇ ರೂಢಿಯಾಗಿತ್ತು, ಕೊಟ್ಟ, ಅಂಗಿ ಸೊಂಟದ ಹತ್ತಿರ ಮುದುಡಿತ್ತು, ಬಗ್ಗಿ ಎಳೆದು ಸರಿ ಮಾಡಿದ, ಕ್ಯಾಮೆರಾ ಚಕ್ ಅಂದಿತು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಹುಡುಗ ಅದನ್ನು ಊರಿಗೆಲ್ಲ ಹಂಚಿದ್ದ, ಕ್ಯಾಂಟೀನಿನಲ್ಲಿ ಎಲ್ಲರ ಫೋನಿನಲ್ಲೂ ಅದೇ, ಹನ್ನೊಂದನೇ ನಂಬರಿನ ಅಂಗಿ, ಅದರೊಳಗೆ ಬೇರೆ ಯಾರೋ. ಮಾರನೇ ದಿನ ಆರೂಕಾಲಿಗೆ ಜರೆಲ್ ಬರುವುದಿಲ್ಲ ಅಂದುಕೊಂಡಿದ್ದ, ಬಂದ, ಗುಡ್ ಮಾರ್ನಿಂಗ್ ಕೋಚ್ ಅಂದ, ಎಸೆದ. ಎಂಟು ದಿನದಿಂದ ಹೀಗೇ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನು ಹತ್ತು, ಅಂದ ಜರೆಲ್, ಬಲಮೂಲೆಯಲ್ಲಿ ನಿಂತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದೆ. ಒಂದು. ಎರಡು. ಈಗ ಹೇಳಬೇಕು, ಪ್ರೂಯಿಟ್ ಬಾಯಿಪಾಠ ಮಾಡಿಸಿ ಕಳಿಸಿದ್ದಾನೆ, ನೀನೇ ಕ್ಯಾಪ್ಟನ್, ತಂಡವನ್ನೇ ನಿನ್ನ ಸುತ್ತ ಕಟ್ತೀವಿ, ಮೂರು, ಇಂಥ ಮಾತು ಎಷ್ಟು ಹುಡುಗರಿಗೆ ಹೇಳಿಲ್ಲ, ಹೇಳಿದ ಮರುವರ್ಷ ತಾನೇ ಗಂಟುಮೂಟೆ ಕಟ್ಟಿ ಬೇರೆ ಕಾಲೇಜಿಗೆ ಹೋಗಿಲ್ಲವೇ, ಐದು ಕಾಲೇಜು, ಐದು ಬಣ್ಣದ ಟೋಪಿ, ಒಬ್ಬರೂ ಅವನನ್ನು ನಿಯತ್ತಿಲ್ಲದವನು ಅನ್ನಲಿಲ್ಲ, ಹುಡುಗರು ಹೋದರೆ ಮಾತ್ರ ಕಾಲ ಕೆಟ್ಟಿತು ಅನ್ನುತ್ತಾರೆ, ನಾಲ್ಕು, ಬಾಯಿ ತೆರೆದರೆ ಬಂದದ್ದು ಬೇರೆಯೇ — ಮರಿ, ಆ ಅಂಗಿ ಕೊಟ್ಟಿದ್ದು ನಾನೇ ಕಣೋ. ಚೆಂಡು ಗಾಳಿಯಲ್ಲಿತ್ತು, ಐದು, ಬಿತ್ತು. ಗೊತ್ತು ಕೋಚ್, ಅಂದ ಜರೆಲ್, ಫೋಟೋ ಅಂಚಲ್ಲಿ ನಿಮ್ಮ ಕಿರುಬೆರಳು ಬಂದಿದೆ. ವರ್ಲಿನ್ ತನ್ನ ಕೈ ನೋಡಿಕೊಂಡ, ಹದಿನೇಳನೇ ವಯಸ್ಸಿನಲ್ಲಿ ಚೆಂಡು ಬಡಿದು ಸೊಟ್ಟಗಾದ ಕಿರುಬೆರಳು, ದಿನಾ ಬೆಳಿಗ್ಗೆ ಚೆಂಡಿನ ಜೊತೆ ಅವನತ್ತ ಹೋಗುವ ಬೆರಳು, ಅವನಿಗಲ್ಲದೆ ಇನ್ನಾರಿಗೆ ಗುರುತು ಸಿಕ್ಕೀತು. ಎಂಟು ದಿನ ಗೊತ್ತಿದ್ದೂ ಬಂದನಲ್ಲ, ಅದೇ ಕೈಯಿಂದ ಚೆಂಡು ಇಸಕೊಂಡನಲ್ಲ, ಎಂಥ ಹುಡುಗ ಇವನು, ಆರು, ಏಳು, ಚೆಂಡು ಸೊಟ್ಟ ಹೋಯಿತು, ಎರಡು ವರ್ಷದಲ್ಲಿ ಮೊದಲ ಸಲ, ಜರೆಲ್ ಒಂದು ಹೆಜ್ಜೆ ಸರಿದು ಹಿಡಿದ, ಆದರೂ ಎಂಟು. ಒಂದು ದೊಡ್ಡ ಯೂನಿವರ್ಸಿಟಿಯವರು ನನ್ನ ಕರೆದ್ರು, ಅಂದ ಚೆಂಡು ಹಿಡಿದು ನಿಂತು, ಮೊದಲ ಸಲ ನಿಂತು, ಇಪ್ಪತ್ತು ಸಾವಿರ ಜನ ಕೂರೋ ಅಂಕಣ, ನಾನೊಂದೇ ಕೇಳ್ದೆ, ಬೆಳಿಗ್ಗೆ ಚೆಂಡು ಯಾರು ಹೆಕ್ಕಿ ಕೊಡ್ತಾರೆ ಅಂತ. ನಕ್ಕರು ಕೋಚ್. ಅದಕ್ಕೆ ನಾಲ್ಕು ಮಿಷನ್ ಇದಾವಂತೆ, ಒಂದೂ ಸೊಟ್ಟ ಎಸೆಯಲ್ವಂತೆ. ಚೆಂಡನ್ನು ಕೈಯಲ್ಲಿ ತಿರುಗಿಸಿದ, ಆಮೇಲೆ, ನೀವೇ ಹೇಳಿ, ನೀವು ಇರು ಅಂದ್ರೆ ಇರ್ತೀನಿ.

ಇರು. ಎರಡಕ್ಷರ. ಅಷ್ಟು ಅಂದರೆ ಪ್ರೂಯಿಟ್ ಕುರ್ಚಿ ತೋರಿಸುತ್ತಾನೆ, ಬಾಗಿಲ ಮೇಲೆ ಹೆಸರು ಉಳಿಯುತ್ತದೆ, ನಾಳೆ ಆರೂಕಾಲಿಗೆ ಮತ್ತೆ ಸುಯ್, ಮುಂದಿನ ಚಳಿಗಾಲವೂ ಸುಯ್, ಸಾಯುವ ತನಕ ಕೇಳಿದರೂ ಸಾಲದು ಅನ್ನಿಸುವ ಸದ್ದು — ಈ ಸದ್ದನ್ನು ಕೇಳುತ್ತಿರುವುದು ಯಾರು, ತಾನೊಬ್ಬ, ಅರ್ಧ ದೀಪ, ಖಾಲಿ ಬೆಂಚುಗಳು, ಇಂಥದ್ದನ್ನು ಒಬ್ಬ ಮುದುಕ ತನ್ನ ಕೆಲಸ ಉಳಿಯಲಿ ಅಂತ ಬಚ್ಚಿಟ್ಟುಕೊಳ್ಳುವುದಾ, ಇಪ್ಪತ್ತು ಸಾವಿರ ಜನ ಒಮ್ಮೆಗೇ ಉಸಿರು ಹಿಡಿಯಬೇಕು ಇದಕ್ಕೆ, ಯಾವನದೋ ಕಾಫಿ ಚೆಲ್ಲಬೇಕು, ಚೆಲ್ಲಲಿ. ಹೋಗು ಮರಿ, ಅಂದ ವರ್ಲಿನ್. ತನಗೇ ಕೇಳಿಸಲಿಲ್ಲವೇನೋ ಅನ್ನಿಸಿ ಇನ್ನೊಮ್ಮೆ ಅಂದ, ಹೋಗು, ನಿಮ್ಮಮ್ಮಂಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಜರೆಲ್ ಎಸೆದ, ಒಂಬತ್ತು, ವರ್ಲಿನ್ ಹಿಡಿದ, ತಿರುಗಿದ, ಎದೆಯ ಎತ್ತರಕ್ಕೆ, ಬಲಗೈಗೆ ಎರಡು ಬೆರಳು ಹತ್ತಿರ, ಇಷ್ಟು ನೇರ ಯಾವತ್ತೂ ಎಸೆದಿರಲಿಲ್ಲ, ಯಾವ ಮಿಷನ್ನೂ ಎಸೆಯುವುದಿಲ್ಲ, ಚೆಂಡು ಎದ್ದಿತು, ದೀಪದ ಆಚೆಗಿನ ಕತ್ತಲಿಗೆ ಹೋಗಿ ಬಂದ ಹಾಗೆ ಅಷ್ಟೆತ್ತರ ಎದ್ದಿತು, ಸುಯ್ — ಬಲೆ ಚಿಮ್ಮಿತು, ಹಾರಿತು, ರಿಂಗಿನ ಮೇಲೆ ತಲೆಕೆಳಗಾಗಿ ಕೂತಿತು. ಹತ್ತು. ಜರೆಲ್ ಬಂದು ಕೈ ಹಿಡಿದ, ಆ ಸೊಟ್ಟ ಬೆರಳನ್ನು ಒಮ್ಮೆ ಒತ್ತಿದ, ಬ್ಯಾಗು ಹೆಗಲಿಗೆ ಹಾಕಿಕೊಂಡ, ಹೊರಟ. ಮರಿ, ಬಲೆ, ಅಂದ ವರ್ಲಿನ್, ಎರಡು ವರ್ಷದಲ್ಲಿ ಒಂದು ಸಲವೂ ಹಾಗೇ ಬಿಟ್ಟು ಹೋದವನಲ್ಲ. ಹುಡುಗ ಬಾಗಿಲಲ್ಲಿ ನಿಂತು ಮೇಲೆ ನೋಡಿದ, ನಕ್ಕ, ಬಾಗಿಲಿಗೆ ಒರಗಿ ನಕ್ಕ ಅದೇ ನಗು. ಬಿಡಿ ಕೋಚ್, ಹೊಸ ಹನ್ನೊಂದು ಇಳಿಸ್ಲಿ.

ಬಾಗಿಲು ಮುಚ್ಚಿತು. ಪೊರಕೆ ಎಲ್ಲಿದೆ, ಕಪಾಟಿನ ಹಿಂದೆ ಇದೆ, ತರಬಹುದು, ನೋರೀನ್‌ಗೆ ಫೋನ್ ಮಾಡಬೇಕು, ಏನಂತ ಶುರು ಮಾಡುವುದು, ದಿನಾ ಅಂದಳು, ದಿನಾ ಅಂದೆ, ಪ್ರೂಯಿಟ್ ಎಂಟಕ್ಕೆ ಬರುತ್ತಾನೆ, ಸಂಜೆ ಐದು, ಮಂಡಿ — ಚೆಂಡು ಉರುಳಿ ಉರುಳಿ ಗೋಡೆಗೆ ತಾಗಿ ನಿಂತಿತು, ಅದನ್ನು ಹೆಕ್ಕಲು ಯಾರೂ ಹೋಗಲಿಲ್ಲ, ಹತ್ತಡಿ ಮೇಲೆ, ಅರ್ಧ ದೀಪದಲ್ಲಿ, ಆ ಬಲೆ, ತಲೆಕೆಳಗಾಗಿ, ಬಿಳೀ ಬಲೆ, ರಿಂಗಿನ ಮೇಲೆ, ಹಾಗೇ, ಆ ಬಲೆ