ಲಕ್ಕವ್ವನ ಬೈಗುಳದ ಕ್ಯಾಸೆಟ್ಟು

ಧರೆಪ್ಪನ ಮನೆಯ ಟೇಪ್ ರೆಕಾರ್ಡರ್ ಕೊನೆಗೂ ಕೈಕೊಟ್ಟಿತು. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ಕ್ಯಾಸೆಟ್ಟು ಮಾತ್ರ ತಿರುಗುತ್ತಿರಲಿಲ್ಲ. ಮಗ ಶಿವರಾಜನಿಗೆ ಒಳಗೊಳಗೇ ಖುಷಿ. ಎರಡು ದೊಡ್ಡ ಸ್ಪೀಕರುಗಳ ಸಮೇತ ಆ ಸೆಟ್ಟು ಪಡಸಾಲೆಯ ಅರ್ಧ ಗೋಡೆ ನುಂಗಿ ಕೂತಿತ್ತು.

"ಅಪ್ಪಾ, ಇನ್ನ ಇದನ್ನ ಗುಜರಿಗೆ ಹಾಕೂಣು. ಅಥಣಿಯೊಳಗ ಅಂಗೈಯಷ್ಟು ಬ್ಲೂಟೂತ್ ಸ್ಪೀಕರ್ ಸಿಗ್ತಾವು. ಮನಿ ತುಂಬ ಕೇಳ್ತೈತಿ."

"ಅದರಾಗ ನಿಮ್ಮವ್ವ ಬೈತಾಳೇನ?" ಎಂದ ಧರೆಪ್ಪ.

ದ್ರಾಕ್ಷಿ ಹಣ್ಣಾಗುವ ಹೊತ್ತಿಗೆ ತೋಟಕ್ಕೆ ಹಕ್ಕಿಗಳ ದಂಡು ಬೀಳುತ್ತದೆ. ಅವನ್ನು ಕೂಗಿ ಓಡಿಸುವ ಕೆಲಸ ಮೊದಲಿನಿಂದಲೂ ಹೆಂಡತಿ ಲಕ್ಕವ್ವನದು. ಮೊಣಕಾಲು ನೋವಿನಿಂದ ಅವಳಿಗೆ ಸಾಲುಗಳ ನಡುವೆ ಓಡಾಡಲಾಗದ ವರ್ಷ ಧರೆಪ್ಪ ಒಂದು ಉಪಾಯ ಹೂಡಿದ. ಅವಳನ್ನು ಮೈಕಿನ ಮುಂದೆ ಕೂರಿಸಿ, ಹಕ್ಕಿಗಳಿಗೆ ಏನೇನು ಬೈಯುತ್ತೀಯೋ ಎಲ್ಲ ಬೈಯಿ ಎಂದ. ಲಕ್ಕವ್ವ ಮೊದಮೊದಲು ನಾಚಿದಳು, ಆಮೇಲೆ ಬಾಯಿಗೆ ಲಗಾಮು ಉಳಿಯಲಿಲ್ಲ. "ಏಳ್ರಿ ಹಾಟ್ಯಾನವರ, ನಿಮ್ಮಪ್ಪ ಹಚ್ಚ್ಯಾನೇನ ಈ ತ್ವಾಟಾ?" ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಇದೇ. ಸೆಟ್ಟನ್ನು ತೋಟದ ಗುಡಿಸಲಿಗೆ ಒಯ್ದು ಹಚ್ಚಿದರು. ಹಕ್ಕಿಗಳು ಹೆದರಿದವೋ ಇಲ್ಲವೋ, ಆಳುಗಳಂತೂ ಹೊಟ್ಟೆ ಹಿಡಿದು ನಕ್ಕರು.

ಮರುವರ್ಷ ಲಕ್ಕವ್ವ ತೀರಿಕೊಂಡಳು. ತೋಟಕ್ಕೆ ಬಲೆ ಬಂತು, ಸೆಟ್ಟು ಮನೆಗೆ ಬಂತು. ಅಂದಿನಿಂದ ಸಂಜೆಯ ಚಹಾ ಆದಮೇಲೆ ಧರೆಪ್ಪ ದಿನವೂ ಆ ಕ್ಯಾಸೆಟ್ಟು ಹಚ್ಚಿ ಕಣ್ಣು ಮುಚ್ಚಿ ಕೂರುತ್ತಿದ್ದ. ಇದ್ದ ಒಂದೇ ಭಯವೆಂದರೆ ಅವಳ ದನಿ ಎಲ್ಲಿ ಮರೆತುಹೋಗುತ್ತದೋ ಎಂಬುದು. "ಸತ್ತಮ್ಯಾಲ ಅಕೀ ಸಿಟ್ಟು ಇಳದೈತಿ, ಈಗ ಸಮಾಧಾನಲೇ ಬೈತಾಳ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಸೆಟ್ಟನ್ನು ಹೊತ್ತು ಅಪ್ಪ ಮಗ ಚಿಕ್ಕೋಡಿಗೆ ಹೋದರು. ರಿಪೇರಿಯ ಅಣ್ಣಾಸಾಬ ಅದನ್ನು ಬಿಚ್ಚಿ, ಹಳೇ ಚಡ್ಡಿಯ ಇಲಾಸ್ಟಿಕ್ಕಿನಂತೆ ಜೋತುಬಿದ್ದ ರಬ್ಬರಿನ ಬೆಲ್ಟನ್ನು ಹೊರತೆಗೆದ.

"ಇದು ಪೂರಾ ಸಡಲಾಗೇತ್ರಿ. ಹಿಂತಾವ ಇನ್ನೆರಡು ಸೆಟ್ ಅದಾವು ನನ್ನ ಕಡೆ. ಅದರಾಗ ಒಂದ ಒಯ್ರಿ, ಚಲೋ ನಡೀತಾವು."

"ಬ್ಯಾಡ್ರಿ. ಇದರಾಗ ಬರೂ ದನಿ ಬ್ಯಾರೇದರಾಗ ಬರೂದಿಲ್ಲ. ಇದನ್ನ ರಿಪೇರಿ ಮಾಡ್ರಿ."

ಅಣ್ಣಾಸಾಬ ಹೊಸ ಬೆಲ್ಟು ಹಾಕಿ, ಅಂಗಡಿಯ ಯಾವುದೋ ಕ್ಯಾಸೆಟ್ಟು ತಿರುಗಿಸಿ ತೋರಿಸಿದ. ಧರೆಪ್ಪ ತನ್ನದನ್ನು ಕಿಸೆಯಿಂದ ತೆಗೆಯಲಿಲ್ಲ. ಹೆಂಡತಿಯ ಮಾತನ್ನು ಪೇಟೆಯ ನಡುವೆ ಯಾರು ಕೇಳಿಸುತ್ತಾರೆ?

ಮನೆಗೆ ಬಂದರೆ ಲಕ್ಕವ್ವನ ತಂಗಿ ಗಂಗೂಬಾಯಿ ಹಾರೂಗೇರಿಯಿಂದ ಬಂದು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಧರೆಪ್ಪ ಕೈಕಾಲು ಸಹ ತೊಳೆಯದೆ ಕ್ಯಾಸೆಟ್ಟು ಹಚ್ಚಿದ.

ಸ್ಪೀಕರಿನಿಂದ ತೆಳ್ಳನೆಯ, ಚುರುಕಾದ ಹೆಣ್ಣುದನಿ ಹೊರಬಿತ್ತು. ಧರೆಪ್ಪ ಬೆಚ್ಚಿದ. ಕ್ಯಾಸೆಟ್ಟು ತೆಗೆದು ತಿರುವಿ ನೋಡಿ ಮತ್ತೆ ಹಾಕಿದ. ಬೈಗುಳ ಅವೇ, ಆದರೆ ಬೈಯುತ್ತಿದ್ದವಳು ಯಾರೋ ಬೇರೆ.

"ಕೆಡಿಸಿ ಕೊಟ್ಟಾನ. ನನ್ನ ಸೆಟ್ ಕೆಡಿಸಿ ಕೊಟ್ಟಾನ" ಎಂದು ಅವನು ಎದ್ದುನಿಂತ.

ಗಂಗೂಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದಳು. ಕಣ್ಣು ತುಂಬಿ ಹರಿಯುತ್ತಿತ್ತು. "ಅಕ್ಕಾ... ಇಷ್ಟ ವರ್ಷಕ್ಕ ನಮ್ಮ ಅಕ್ಕನ ದನಿ ಕೇಳಿದ್ನಿ ನೋಡ್ರಿ ಮಾಮಾ. ಥೇಟ ಅಕೀನ."

ಧರೆಪ್ಪ ಮಗನ ಕಡೆ ನೋಡಿದ. ಅವನೂ ಕಣ್ಣೊರೆಸಿಕೊಳ್ಳುತ್ತಿದ್ದ.

"ಬೆಲ್ಟು ಸಡಲಾಗಿ ಕ್ಯಾಸೆಟ್ ಸಾವಕಾಶ ತಿರಗ್ತಿತ್ತಪ್ಪಾ. ವರ್ಷಾ ವರ್ಷಾ ಅವ್ವನ ದನಿ ದಪ್ಪ ಆಗಕೋತ ಹೋತು. ನಿನಗ ಗೊತ್ತೈತಿ ಅಂತ ತಿಳದಿದ್ನಿ."

ಧರೆಪ್ಪನಿಗೆ ಗೊತ್ತಿರಲಿಲ್ಲ. ದಿನದಿನವೂ ಕೂದಲೆಳೆಯಷ್ಟು ಬದಲಾದದ್ದು ದಿನವೂ ಕೇಳುವವನಿಗೆ ಹೇಗೆ ತಿಳಿಯಬೇಕು? ಆ ಕ್ಯಾಸೆಟ್ಟನ್ನು ಒಮ್ಮೆಯೂ ಕೇಳದ ಗಂಗೂಬಾಯಿಯ ಕಿವಿಯಲ್ಲಿ ಅಕ್ಕ ಇದ್ದ ಹಾಗೇ ಇದ್ದಳು. ಮರೆಯಬಾರದೆಂದು ಕೂತು ಕೂತು ಕೇಳಿದವನೇ ಮರೆತಿದ್ದ. ಹೆಂಡತಿ ಎರಡನೇ ಸಲ ಸತ್ತಂತಾಗಿ ಅವನು ಕೈಚಾಚಿ ಕ್ಯಾಸೆಟ್ಟು ನಿಲ್ಲಿಸಿದ.

"ಮತ್ತ ಮೊದಲಿನಂಗ ಸಾವಕಾಶ ತಿರಗೂಹಂಗ ಮಾಡಿಸ್ಕೊಂಡ ಬರ್ಲೇನು?" ಶಿವರಾಜ ಮೆಲ್ಲಗೆ ಕೇಳಿದ.

ಹೌದು ಎಂಬ ಮಾತು ಧರೆಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆ ದಪ್ಪ ದನಿಯ ಜೊತೆ ಅವನು ಎಷ್ಟೋ ಸಂಜೆ ಕಳೆದಿದ್ದ, ಅದರ ಮೇಲೆ ಜೀವ ಇಟ್ಟುಕೊಂಡಿದ್ದ. ಆದರೆ ಅಂಥ ದನಿಯವಳು ಈ ಮನೆಯಲ್ಲಿ ಯಾವತ್ತೂ ಬಾಳಿರಲಿಲ್ಲ. ಅವನು ತಲೆ ಅಲ್ಲಾಡಿಸಿ ಬೇಡವೆಂದ.

"ಗಂಗವ್ವಾ, ನಾಕ ದಿನ ಇದ್ದ ಹೋಗ."

"ಯಾಕ್ರಿ ಮಾಮಾ?"

"ನನಗ ಗುರ್ತ ಸಿಗವಲ್ದು. ನೀ ಬಾಜೂಕ ಕೂತ್ರ, ಅಕೀನ ಅಂತ ನಂಬಿ ಕೇಳ್ತೀನಿ."

ಗಂಗೂಬಾಯಿ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಧರೆಪ್ಪ ಕ್ಯಾಸೆಟ್ಟನ್ನು ಮೊದಲಿನಿಂದ ಹಚ್ಚಿದ. ಒಂದೊಂದು ಬೈಗುಳಕ್ಕೂ ಅವಳು ನಗುತ್ತಿದ್ದಳು, ಅಳುತ್ತಿದ್ದಳು. ಧರೆಪ್ಪ ಈ ಸಲ ಕಣ್ಣು ಮುಚ್ಚದೆ, ಅವಳ ಮುಖವನ್ನೇ ನೋಡುತ್ತ ಕೂತ.